ದಿನಾ ಸಡಿಲವಾಗುತ್ತಿದ್ದ ಗ್ರೈಂಡರ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೇಳಲಿ. ಆದರೆ ಸಾನಪಾಡಾದ ನಮ್ಮ ಫ್ಲ್ಯಾಟಿನ ಅಡಿಗೆಮನೆಯಲ್ಲಿ ಆ ಮಳೆಗಾಲದುದ್ದಕ್ಕೂ ನನಗೆ ಬಂದ ಸಿಟ್ಟಿಗೆ ಕಾರಣ ಇತ್ತು. ದಿನಾ ಬೆಳಿಗ್ಗೆ ಆರೂವರೆಗೆ ಕಾಫಿ ಬೀಜವನ್ನು ತೂಕ ಮಾಡಿ ಗ್ರೈಂಡರಿಗೆ ಹಾಕುತ್ತಿದ್ದೆ. ಬಂದ ಪುಡಿಯನ್ನು ಎಸ್ಪ್ರೆಸೊ ಮಿಷಿನಿನ ಸಣ್ಣ ಜಾಲರಿ ಬಟ್ಟಲಿಗೆ ತುಂಬಿ, ಒತ್ತಿ, ಕೆಳಗೆ ಲೋಟ ಇಟ್ಟು, ಮೊಬೈಲಿನಲ್ಲಿ ಸೆಕೆಂಡು ಎಣಿಸುತ್ತಿದ್ದೆ. ಮೂವತ್ತು ಸೆಕೆಂಡು ಜೇನಿನ ಹಾಗೆ ನಿಧಾನ ಇಳಿಯಬೇಕಾದ ಕಾಫಿ ಹತ್ತೇ ಸೆಕೆಂಡಿಗೆ ನಲ್ಲಿ ನೀರಿನ ಹಾಗೆ ಸುರಿದು ಮುಗಿಯುತ್ತಿತ್ತು. ಬಾಯಿಗಿಟ್ಟರೆ ಹುಳಿ. ಹಿಂದಿನ ದಿನ ಅದೇ ಬೀಜ, ಅದೇ ತೂಕ, ಅದೇ ಕೈ, ಎಲ್ಲ ಸರಿಯಾಗಿ ಬಂದಿರುತ್ತಿತ್ತು. ಒಂದು ದಿನ ಕಳೆಯುವಷ್ಟರಲ್ಲಿ ಆ ಸರಿ ಎಲ್ಲಿಗೆ ಹೋಗುತ್ತಿತ್ತು ಎಂದು ನನಗೆ ತಿಳಿಯುತ್ತಿರಲಿಲ್ಲ.

ಆ ಮಿಷಿನು, ಆ ಗ್ರೈಂಡರು ನಮ್ಮ ಮನೆಗೆ ಬಂದದ್ದೂ ಸಿಟ್ಟಿನಿಂದಲೇ. ಅದನ್ನು ಹೇಳಬೇಕಾದರೆ ಅಪ್ಪನ ವಿಷಯ ಹೇಳಬೇಕು.

ಅಪ್ಪ ಡೊಂಬಿವಲಿ ಸ್ಟೇಷನ್ನಿನ ಹೊರಗಿನ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತೆರಡು ವರ್ಷ ಕಾಫಿ ಮಾಡಿದವರು. ಊರಿನಿಂದ ಬಂದ ಮೇಲೆ ಕೆಲವು ವರ್ಷ ಲೋಟ ತೊಳೆದು, ಪ್ಲೇಟು ಎತ್ತಿ, ಆಮೇಲೆ ಕಾಫಿಯ ಜಾಗಕ್ಕೆ ಬಂದರು. ಅಲ್ಲಿಂದ ಕದಲಲಿಲ್ಲ. ಆ ಹೋಟೆಲಿನಲ್ಲಿ ಪುಡಿಯನ್ನು ಹೊರಗಿನಿಂದ ತರಿಸುತ್ತಿರಲಿಲ್ಲ. ಹುರಿದ ಬೀಜ ತರಿಸಿ, ಹಿಂದಿನ ಕೋಣೆಯಲ್ಲಿ ಎರಕದ ಕಬ್ಬಿಣದ ಒಂದು ಮಿಷಿನಿನಲ್ಲಿ ಪುಡಿ ಮಾಡುತ್ತಿದ್ದರು. ಅದರೊಳಗೆ ಹಲ್ಲಿರುವ ಎರಡು ತಟ್ಟೆ, ಪಕ್ಕದಲ್ಲಿ ಒಂದು ತಿರುಪು. ತಿರುಪು ಬಿಗಿ ಮಾಡಿದರೆ ಪುಡಿ ಸಣ್ಣ, ಸಡಿಲ ಮಾಡಿದರೆ ದಪ್ಪ. ಆ ತಿರುಪಿಗೆ ಅಪ್ಪನಲ್ಲದೆ ಬೇರೆಯವರು ಕೈ ಹಾಕುವಂತಿರಲಿಲ್ಲ. ಧಣಿಗಳೂ ಹಾಕುತ್ತಿರಲಿಲ್ಲ.

ಆ ಧಣಿಗಳು ತೀರಿಕೊಂಡ ಮೇಲೆ ಅವರ ಮಗ ಗಲ್ಲಾದಲ್ಲಿ ಕೂತ. ಎರಡು ಸಾವಿರದ ದಶಕ ಮುಗಿಯುತ್ತಿದ್ದ ಹೊತ್ತು. ಒಂದು ದಿನ ಗುಂಡಿ ಒತ್ತಿದರೆ ಕಾಫಿ ಬೀಳುವ ಪೆಟ್ಟಿಗೆಯೊಂದನ್ನು ತಂದಿಟ್ಟು ಅಪ್ಪನಿಗೆ ಬಾಗಿಲ ಹತ್ತಿರ ಪಾರ್ಸೆಲ್ ಕಟ್ಟುವ ಕೆಲಸ ಕೊಟ್ಟ. ಅಪ್ಪ ಎರಡು ತಿಂಗಳು ಕಟ್ಟಿದರು, ಆಮೇಲೆ ಮನೆಗೆ ಬಂದು ಕೂತರು. ನಾನು ಸುಮ್ಮನಿರಲಿಲ್ಲ. ಸೀದಾ ಡೊಂಬಿವಲಿಗೆ ಹೋಗಿ, ತಿಂಡಿಯ ಹೊತ್ತಿನಲ್ಲಿ, ಹೋಟೆಲು ತುಂಬ ಗಿರಾಕಿಗಳಿರುವಾಗಲೇ ಆ ಹೊಸ ಧಣಿಯ ಜನ್ಮ ಜಾಲಾಡಿಬಿಟ್ಟೆ. ಅಪ್ಪನಿಗೆ ಅದು ಗೊತ್ತಾದಾಗ ನನ್ನ ಮೇಲೆಯೇ ಬೇಸರ ಮಾಡಿಕೊಂಡರು.

"ಅವರ ಹೋಟೆಲ್ ಮಾರಾಯ, ಅವರಿಗೆ ಬೇಕಾದ ಹಾಗೆ ಮಾಡ್ತಾರೆ. ನೀನೆಂತಕೆ ಹೋದದ್ದು?"

ಮೂವತ್ತೆರಡು ವರ್ಷ ದುಡಿದ ಮನುಷ್ಯನಿಗೆ ಹೀಗೆ ಮಾಡಿದರೂ ಸಿಟ್ಟು ಬರುವುದಿಲ್ಲವೆಂದರೆ ಏನು ಹೇಳುವುದು? ಅಪ್ಪನ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಂಡೆ. ಈಗಲೂ ಆ ಹೋಟೆಲಿನ ಮುಂದೆ ಹಾಯುವುದಿಲ್ಲ, ಸುತ್ತು ಹಾಕಿ ಹೋಗುತ್ತೇನೆ.

ಕೆಲವು ವರ್ಷದ ಮೇಲೆ ನಾವು ಸಾನಪಾಡಾಕ್ಕೆ ಬಂದೆವು. ನನ್ನ ಆಫೀಸು ಮಹಾಪೆಯಲ್ಲಿ. ಅಮ್ಮ ಅದಕ್ಕೂ ಮೊದಲೇ ತೀರಿಹೋಗಿದ್ದರು. ಮನೆಯಲ್ಲಿ ನಾನು, ಹೆಂಡತಿ, ಅಪ್ಪ. ಹೆಂಡತಿ ಧಾರವಾಡದ ಕಡೆಯವಳು, ಬೆಳೆದದ್ದು ಕಲ್ಯಾಣದಲ್ಲಿ, ಕುಡಿಯುವುದು ಚಹಾ. ಬೆಳಗಿನ ಡಿಕಾಕ್ಷನ್ ಅಪ್ಪನದೇ. ಅವರಿಗೆ ಒಂದು ಒಳ್ಳೆಯ ಕಾಫಿಯನ್ನು ನನ್ನ ಕೈಯಾರೆ ಮಾಡಿ ಕೊಡಬೇಕು, ಆ ಗುಂಡಿಯ ಪೆಟ್ಟಿಗೆಯವನ ಮುಖಕ್ಕೆ ಹೊಡೆದ ಹಾಗಿರಬೇಕು, ಅಪ್ಪ ಕುಡಿದು ಚೆನ್ನಾಗಿದೆ ಅನ್ನಬೇಕು ಎಂಬ ಹಟ ನನಗೆ ಹತ್ತಿತು. ಒಂದು ಬೋನಸ್ಸು ಬಂದದ್ದೇ ಎಸ್ಪ್ರೆಸೊ ಮಿಷಿನ್ ತಂದೆ. "ಇನ್ನು ನೀವು ಆರಾಮ ಕೂತ್ಕೊಳ್ಳಿ ಅಪ್ಪ, ಕಾಫಿ ನಾನು ಮಾಡ್ತೇನೆ" ಎಂದೆ. ಅವರು ತಲೆ ಆಡಿಸಿ ಟಿವಿ ಇದ್ದ ಹಾಲ್‌ಗೆ ಹೋಗಿ ಕೂತರು. ನಾನು ಮಾಡಿದ್ದು ಉಪಕಾರ ಎಂದೇ ಆ ದಿನ ತಿಳಿದಿದ್ದೆ.

ಮಿಷಿನ್ ತಂದ ಮೇಲೆ ತಿಳಿಯಿತು, ಅದು ಬರೀ ಬಿಸಿನೀರನ್ನು ಜೋರಾಗಿ ತಳ್ಳುವ ಪೆಟ್ಟಿಗೆ. ಕಾಫಿ ಆಗುವುದು ಪುಡಿಯಲ್ಲಿ. ಅಂಗಡಿಯ ಪುಡಿ ಹಾಕಿದರೆ ನೀರು ತಡೆಯಿಲ್ಲದೆ ಓಡುತ್ತಿತ್ತು. ಚಟ್ನಿ ರುಬ್ಬುವ ಮಿಕ್ಸಿಯಲ್ಲಿ ಬೀಜ ಹಾಕಿ ತಿರುಗಿಸಿದೆ. ಅರ್ಧ ಧೂಳು, ಅರ್ಧ ಜಲ್ಲಿ ಬಂತು. ಧೂಳು ಕಹಿ ಕೊಡುತ್ತದೆ, ಜಲ್ಲಿ ಹುಳಿ ಕೊಡುತ್ತದೆ, ಎರಡೂ ಸೇರಿ ಲೋಟಕ್ಕೆ ಬೀಳುತ್ತದೆ. ಮೂರು ದಿನ ಮನೆಯ ಕಾಯಿಚಟ್ನಿಗೂ ಕಾಫಿಯ ವಾಸನೆ ಬಂತು.

"ಏನ್ರೀ, ಒಂದ್ ವಾಟಗಾ ಕಾಫಿಗೆ ಇಷ್ಟ್ಯಾಕ ಒದ್ದಾಡ್ತೀರಿ? ಕುಣೀಲಿಕ್ಕೆ ಬರದಾಕಿ ನೆಲಾ ಡೊಂಕು ಅಂದ್ಲಂತ" ಎಂದಳು ಹೆಂಡತಿ.

ಘೋಡಬಂದರ್ ರಸ್ತೆಯ ಒಂದು ಮಾಲಿಗೆ ಹೋದೆ. ಅಲ್ಲಿನ ಸೇಲ್ಸ್‌ನವನು ಬ್ಲೇಡಿನ ಒಂದು ಡಬ್ಬಿ ತೋರಿಸಿ, "ಸರ್, ಸಬ್ ಏಕ್ ಹೀ ಹೈ, ಪೀಸ್‌ನೇ ಸೆ ಮತ್ಲಬ್" ಎಂದ. ಎಲ್ಲ ಒಂದೇ ಅಂತೆ, ಪುಡಿಯಾದರೆ ಸಾಕಂತೆ! ಬ್ಲೇಡು ಬೀಜವನ್ನು ಸಿಕ್ಕಲ್ಲಿ ಕೊಚ್ಚುತ್ತದೆ, ಹಲ್ಲಿನದು ಎರಡು ಹಲ್ಲಿನ ನಡುವೆ ಸಿಕ್ಕಿಸಿ ಒಂದೇ ಸಮ ಅರೆಯುತ್ತದೆ ಎಂದು ಅವನಿಗೆ ಪಾಠ ಮಾಡಿದೆ. ಅವನು ಆಕಳಿಸಿದ. ಕೊನೆಗೆ ಹಲ್ಲಿನದೇ ಒಂದನ್ನು ಒಳಗಿನಿಂದ ತಂದ. ಅದರಲ್ಲಿ ಒಂದರಿಂದ ಹತ್ತರವರೆಗೆ ಅಂಕಿ. ಮನೆಗೆ ತಂದು ನೋಡಿದರೆ ಮೂರಕ್ಕೆ ಇಟ್ಟಾಗ ಕಾಫಿ ಹದಿನೈದು ಸೆಕೆಂಡಿಗೆ ಓಡುತ್ತದೆ, ಎರಡಕ್ಕೆ ಇಟ್ಟಾಗ ಒಂದು ಹನಿಯೂ ಇಳಿಯದೆ ಮಿಷಿನು ನರಳುತ್ತದೆ. ನನಗೆ ಬೇಕಾದದ್ದು ಎರಡಕ್ಕೂ ಮೂರಕ್ಕೂ ನಡುವೆ, ಅಲ್ಲಿ ನಿಲ್ಲಲು ಅದರಲ್ಲಿ ಜಾಗವೇ ಇಲ್ಲ. ಎಸ್ಪ್ರೆಸೊಗೆ ಕೂದಲೆಳೆಯಷ್ಟು ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ ಎಂದು ತಿಳಿದೂ ಹತ್ತೇ ಮೆಟ್ಟಿಲಿನದನ್ನು ತಂದ ನನ್ನ ಬುದ್ಧಿಗೆ ಏನು ಹೇಳಬೇಕು! ಅದನ್ನು ವಾಪಸು ಮಾಡಲು ನಾಲ್ಕು ಶನಿವಾರ ಆ ಮಾಲಿಗೆ ಅಲೆದು, ಮ್ಯಾನೇಜರನೊಡನೆ ಜಗಳವಾಡಿ, ಮೆಟ್ಟಿಲೇ ಇಲ್ಲದ ಒಂದನ್ನು ತಂದೆ. ಅದರ ಕುತ್ತಿಗೆಯಲ್ಲಿ ಒಂದು ಉಂಗುರ. ಬಲಕ್ಕೆ ತಿರುಗಿಸಿದಷ್ಟೂ ಹಲ್ಲುಗಳು ಹತ್ತಿರ ಬರುತ್ತವೆ, ಎಡಕ್ಕೆ ತಿರುಗಿಸಿದರೆ ದೂರ. ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಈ ಗ್ರೈಂಡರು ಕೊಟ್ಟ ಮೊದಲ ದಿನದ ಖುಷಿಯನ್ನು ನಾನು ಅಲ್ಲಗಳೆಯುವುದಿಲ್ಲ. ಹದಿನೆಂಟು ಗ್ರಾಂ ಬೀಜ ಹಾಕುವುದು, ಎಷ್ಟು ಸೆಕೆಂಡಿಗೆ ಇಳಿಯಿತು ಎಂದು ನೋಡುವುದು, ಬೇಗ ಇಳಿದರೆ ಉಂಗುರವನ್ನು ಉಗುರಿನಷ್ಟು ಬಲಕ್ಕೆ, ತಡವಾದರೆ ಎಡಕ್ಕೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ತೂಕವನ್ನೂ ಉಂಗುರವನ್ನೂ ಒಟ್ಟಿಗೆ ಮುಟ್ಟಿದರೆ ಯಾವುದು ಕೆಟ್ಟಿತು ಎಂದು ತಿಳಿಯುವುದಿಲ್ಲ. ಎರಡು ಮೂರು ಸಲ ಸಿಂಕಿಗೆ ಸುರಿದ ಮೇಲೆ ಮೂವತ್ತು ಸೆಕೆಂಡಿಗೆ ಕಂದು ಬಣ್ಣದ ದಪ್ಪ ಕಾಫಿ ಇಳಿಯಿತು. ಅದಕ್ಕೆ ಬಿಸಿ ಹಾಲು ಸೇರಿಸಿ ಅಪ್ಪನಿಗೆ ಕೊಟ್ಟೆ. ಅವರು ಕುಡಿದರು. ಚೆನ್ನಾಗಿದೆ ಅನ್ನದೆ ಲೋಟವನ್ನು ತಾವೇ ತೊಳೆದಿಟ್ಟರು.

ಮರುದಿನದಿಂದ ಶುರುವಾಯಿತು. ಹತ್ತು ಸೆಕೆಂಡಿನ ಹುಳಿ ನೀರು. ಬೀಜದವನಿಗೆ ಫೋನು ಮಾಡಿ, ಹಳೆಯ ಬೀಜ ತುಂಬಿ ಕಳಿಸಿದ್ದೀರಿ ಎಂದು ಬೈದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಬೀಜದ ಮೂರು ಅಂಗಡಿ ಬದಲಿಸಿದೆ. ಮಳೆಯ ತೇವಕ್ಕೆ ಹೀಗಾಗುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಒಬ್ಬ ಬರೆದಿದ್ದ, ಬೀಜವನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿದೆ. ಇನ್ನೊಬ್ಬ ಬರೆದಿದ್ದ, ಮೆಟ್ಟಿಲಿಲ್ಲದ ಗ್ರೈಂಡರಿನ ಉಂಗುರ ಮೋಟರಿನ ನಡುಕಕ್ಕೆ ತಾನೇ ಸಡಿಲವಾಗುತ್ತದೆ ಎಂದು. ಇದೇ ಸರಿ ಅನಿಸಿತು. ಪೆನ್ನಿನಲ್ಲಿ ಉಂಗುರದ ಮೇಲೆ ಒಂದು ಗೆರೆ ಎಳೆದೆ. ಮರುದಿನ ನೋಡಿದರೆ ಗೆರೆಯೇ ಇಲ್ಲ! ಗೆರೆ ನಿಲ್ಲದಷ್ಟು ಎಣ್ಣೆ ಬಳಿದು ಕಳಿಸಿದ್ದಾರೆ ಎಂದು ಕಂಪನಿಗೆ ಉದ್ದದ ಇಮೇಲು ಬರೆದೆ. ಮಹಾಪೆಯ ಬಸ್ಸಿನಲ್ಲಿ ಕೂತು ಅವರಿಗೆ ಬರೆದ ಇಮೇಲುಗಳನ್ನು ಈಗ ಓದಿದರೆ ನನಗೇ ನಾಚಿಕೆಯಾಗುತ್ತದೆ.

ಹೆಂಡತಿಯನ್ನು ಕೇಳಿದೆ, ನೀನೇನಾದರೂ ಮುಟ್ಟುತ್ತೀಯಾ ಎಂದು. "ನಾ ಯಾಕ ಮುಟ್ಲಿ ಅದನ್ನ? ನೀವು ಒದರೋದು ಕೇಳಿ ಕೇಳಿ ಆ ಕಟ್ಟೀ ಕಡೆ ಹೋಗೂದ ಬಿಟ್ಟೀನಿ" ಎಂದಳು. ಅವಳು ನನಗಿಂತ ಮೊದಲು ವಾಶಿಯ ಆಫೀಸಿಗೆ ಹೊರಡುವವಳು, ಅದು ನಿಜವೇ. ಅಪ್ಪನನ್ನು ನಾನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ಕಾಫಿ ಪುಡಿಯ ಬಗ್ಗೆ ಕಂಡ ಕಂಡವರನ್ನೆಲ್ಲ ಕೇಳಿದೆ, ಮೂವತ್ತೆರಡು ವರ್ಷ ಅದೇ ಕೆಲಸ ಮಾಡಿದವರು ಹಾಲ್‌ನಲ್ಲಿ ಕೂತು ಪೇಪರು ಓದುತ್ತಿದ್ದರು, ಅವರನ್ನು ಬಿಟ್ಟು. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ನಾನು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದೇನೆ.

ಐದನೆಯ ಇಮೇಲಿಗೆ ಕಂಪನಿಯವರು ಸರ್ವಿಸಿನವನನ್ನು ಕಳಿಸಿದರು. ಅದಕ್ಕಾಗಿ ನಾನು ರಜೆ ಹಾಕಿ ಮನೆಯಲ್ಲೇ ಇದ್ದೆ. ನಡುವಯಸ್ಸಿನ ಮನುಷ್ಯ, ಮಳೆಯಲ್ಲಿ ನೆನೆದು ಬಂದಿದ್ದ. ಗ್ರೈಂಡರನ್ನು ಪೂರಾ ಬಿಚ್ಚಿ, ಹಲ್ಲು ಒರೆಸಿ, ಮತ್ತೆ ಜೋಡಿಸಿದ. ನಾನು ಉಂಗುರವನ್ನು ಸರಿಮಾಡಿ ಕಾಫಿ ತೆಗೆದೆ, ಇಪ್ಪತ್ತೊಂಬತ್ತು ಸೆಕೆಂಡು ಬಂತು. ಅವನು ಬಿಳಿ ಪೇಂಟಿನಲ್ಲಿ ಉಂಗುರಕ್ಕೊಂದು ಚುಕ್ಕಿ, ಅದಕ್ಕೆದುರಾಗಿ ಮೈಗೊಂದು ಚುಕ್ಕಿ ಇಟ್ಟ. ಆಮೇಲೆ ಹತ್ತು ಸಲ ಗ್ರೈಂಡರನ್ನು ಓಡಿಸಿದ. ಚುಕ್ಕಿಗಳು ಎದುರುಬದುರು ಹಾಗೇ ಇದ್ದವು.

"ಸರ್, ಮಶೀನ್ ಮೇಂ ಕುಛ್ ನಹೀ ಹೈ. ಘರ್ ಮೇಂ ಕೋಯಿ ಘುಮಾ ರಹಾ ಹೋಗಾ" ಎಂದ.

ಮನೆಯವರು ಯಾರೋ ತಿರುಗಿಸುತ್ತಿದ್ದಾರಂತೆ. ಕಂಪನಿಯ ತಪ್ಪನ್ನು ನನ್ನ ಮನೆಯವರ ತಲೆಗೆ ಕಟ್ಟುತ್ತಿದ್ದಾನೆ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮನೆಯಲ್ಲಿ ಹುಚ್ಚರಿದ್ದಾರೆಯೇ ಎಂದೆ, ಇನ್ನೂ ಏನೇನೋ ಅಂದೆ. ಅವನು ಚೀಲ ತುಂಬಿಕೊಂಡ. ಲಿಫ್ಟಿನಲ್ಲಿ ಕೆಳಗಿನವರೆಗೂ ಬೈಯುತ್ತಲೇ ಅವನ ಜೊತೆ ಹೋದೆ. ಹೇಗೂ ಕೆಳಗಿಳಿದಿದ್ದೇನೆ ಎಂದು ಹಾಲಿನ ಪ್ಯಾಕೆಟ್ಟು ತೆಗೆದುಕೊಂಡು ಮೇಲೆ ಬಂದೆ.

ಅಡಿಗೆಮನೆಯಲ್ಲಿ ಅಪ್ಪ ಗ್ರೈಂಡರಿನ ಮುಂದೆ ನಿಂತಿದ್ದರು. ಹೆಗಲ ಮೇಲೆ ಮೈ ಒರೆಸುವ ಬೈರಾಸು, ಕೈಯಲ್ಲಿ ಹಳೆಯ ಟೂತ್‌ಬ್ರಶ್ಶು. ಪುಡಿ ಬೀಳುವ ಬಾಯಿಯನ್ನು ಉಜ್ಜಿದರು. ಒದ್ದೆ ಬಟ್ಟೆ ತೆಗೆದುಕೊಂಡು ಉಂಗುರವನ್ನು ಸುತ್ತಲೂ ಒರೆಸಿದರು. ಇನ್ನೂ ಒಣಗದ ಬಿಳಿ ಚುಕ್ಕಿ ಆ ಬಟ್ಟೆಗೆ ಬಂತು. ಆಮೇಲೆ ಹೆಬ್ಬೆರಳು, ಎರಡು ಬೆರಳು ಹಾಕಿ ಉಂಗುರವನ್ನು ಎಡಕ್ಕೆ ತಿರುಗಿಸಿದರು. ತಡವರಿಸಲಿಲ್ಲ, ಕಣ್ಣಿಟ್ಟು ನೋಡಲೂ ಇಲ್ಲ. ದಿನಾ ಮಾಡುವ ಕೆಲಸ ಅದು ಎಂದು ಯಾರಿಗಾದರೂ ತಿಳಿಯುತ್ತಿತ್ತು.

"ಎಂತ ಮಾಡ್ತಾ ಇದ್ದೀರಿ?" ಎಂದೆ.

"ಬಂದ್ ಮಾಡ್ತಾ ಇದ್ದೆ" ಎಂದರು ಅಪ್ಪ, ತಿರುಗಿ ನೋಡಿ. "ಇನ್ನು ನಿನಗೆ ನಾಳೆ ಬೆಳಿಗ್ಗೆಯೇ ಅಲ್ವಾ ಬೇಕಾಗುದು? ಅಷ್ಟು ಹೊತ್ತು ಹಲ್ಲಿಗೆ ಹಲ್ಲು ಕಚ್ಚಿಸಿ ಇಡ್ಲಿಕ್ಕಾಗುದಿಲ್ಲ. ಈ ಮಳೆಗೆ ಒಳಗೆ ಉಳಿದ ಪುಡಿ ಅಂಟು ಆಗ್ತದೆ. ಬೆಳಿಗ್ಗೆ ಸ್ವಿಚ್ ಹಾಕಿದ ಕೂಡ್ಲೆ ಮೋಟರ್ ಸುಡ್ತದೆ. ಹೋಟೆಲಲ್ಲಿ ನಾನು ಊರಿಗೆ ಹೋದಾಗ ಒಮ್ಮೆ ಹಾಗೇ..."

ಮುಗಿಸಲು ನಾನು ಬಿಡಲಿಲ್ಲ.

"ಇದು ಹೋಟೆಲಾ? ಯಾರು ಹೇಳಿದ್ದು ನಿಮಗೆ ಇದಕ್ಕೆ ಕೈ ಹಾಕ್ಲಿಕ್ಕೆ? ಎರಡು ತಿಂಗಳಿಂದ ನಾನು ಸಾಯ್ತಾ ಇದ್ದೇನೆ ಇಲ್ಲಿ! ನಿಮ್ಮ ಕಾಲ ಮುಗೀತು ಅಪ್ಪ. ಇನ್ನು ಇದನ್ನು ಮುಟ್ಟಬೇಡಿ."

ಇಷ್ಟೇ ಅಲ್ಲ, ಇನ್ನೂ ಅಂದೆ. ಎರಡು ತಿಂಗಳಿನಿಂದ ಬೀಜದವರಿಗೆ, ಕಂಪನಿಗೆ, ಸರ್ವಿಸಿನವನಿಗೆ ಅಂದದ್ದೆಲ್ಲ ಸೇರಿಸಿ ಅಂದೆ. ಎದುರು ಮನೆಯವರ ಬಾಗಿಲು ತೆರೆದುಕೊಂಡ ಸದ್ದು ಕೇಳಿಸಿತು, ಆದರೂ ನಿಲ್ಲಿಸಲಿಲ್ಲ. ಅಪ್ಪ ಬ್ರಶ್ಶನ್ನು ತೊಳೆದು ಅದರ ಜಾಗದಲ್ಲಿಟ್ಟರು. ಬಟ್ಟೆಯನ್ನು ಹಿಂಡಿ ಒಣಗಲು ಹಾಕಿದರು. ಕೈ ಒರೆಸಿಕೊಂಡರು.

"ಬೆಳಿಗ್ಗೆ ನೀನು ಬಿಗಿ ಮಾಡುದನ್ನು ನಾನು ನೋಡ್ತಾ ಇದ್ದೆ" ಎಂದರು. "ಹೋಟೆಲಲ್ಲಿ ಕೂಡ ಹಾಗೇ. ಬೆಳಿಗ್ಗೆ ಹವೆ ನೋಡಿ ಬಿಗಿ ಮಾಡುದು, ಆದ ಮೇಲೆ ಸಡಿಲ ಮಾಡಿ ಇಡುದು. ಬೆಳಗಿನ ಡ್ಯೂಟಿ ನಿಂದು, ಬಂದ್ ಮಾಡುವ ಡ್ಯೂಟಿ ನಂದು ಅಂತ ತಿಳ್ಕೊಂಡಿದ್ದೆ ಮಾರಾಯ."

ಹಾಗೆಂದು ಹಾಲ್‌ಗೆ ಹೋದರು. ಆ ಮಾತು ನನಗೆ ಕೇಳಿಸಿತು, ಆದರೆ ಆ ಹೊತ್ತಿಗೆ ತಾಗಲಿಲ್ಲ. ಸಿಟ್ಟಿನಲ್ಲಿದ್ದ ನನಗೆ ಉಂಗುರದ್ದೇ ಯೋಚನೆ. ಅದನ್ನು ಮತ್ತೆ ಸರಿಮಾಡಲು ಕೂತೆ, ಹದಿನೆಂಟು ಗ್ರಾಂನಂತೆ ಮೂರು ಸಲ ಬೀಜ ಹಾಳು ಮಾಡಿದೆ. ನಡುವೆ ಯಾವುದೋ ಒಂದು ಗಳಿಗೆಯಲ್ಲಿ ಕೈ ನಿಂತಿತು. ಎರಡು ತಿಂಗಳು ಅಪ್ಪ ನನ್ನ ಜೊತೆ ಕೆಲಸ ಮಾಡಿದ್ದರು, ದಿನಾ, ಒಂದು ದಿನವೂ ತಪ್ಪಿಸದೆ. ಗೊತ್ತಿಲ್ಲದವನು ನಾನೊಬ್ಬನೇ.

ಅಂದಿನಿಂದ ಗ್ರೈಂಡರು ಇಟ್ಟಲ್ಲೇ ನಿಂತಿತು. ಮಳೆ ಬರಲಿ, ಬಿಸಿಲು ಬರಲಿ, ಇಪ್ಪತ್ತೊಂಬತ್ತು, ಮೂವತ್ತು, ಬಹಳವಾದರೆ ಮೂವತ್ತೆರಡು ಸೆಕೆಂಡು. ಮೋಟರು ಸುಡಲಿಲ್ಲ. ಪುಡಿ ಅಂಟಾಗಲಿಲ್ಲ. ನನ್ನ ಮಾತೇ ಸರಿ ಎಂದು ಆ ದರಿದ್ರ ಗ್ರೈಂಡರು ದಿನಾ ಬೆಳಿಗ್ಗೆ ಸಾಕ್ಷಿ ಹೇಳುತ್ತಿತ್ತು. ಅದರ ಮೇಲೂ ನನಗೆ ಸಿಟ್ಟು ಬಂತು. ಒಂದು ಸಲವಾದರೂ ಸುಟ್ಟುಹೋಗಿ ಅಪ್ಪನ ಮಾನ ಉಳಿಸಬಾರದಿತ್ತೇ?

ಮೊದಲ ದಿನ ಲೋಟ ಹಿಡಿದು ಹೋದಾಗ, "ಬೇಡ, ಎದೆ ಉರೀತದೆ" ಎಂದರು ಅಪ್ಪ. ಎರಡನೆಯ ದಿನವೂ ಅದೇ. ಮೂರನೆಯ ದಿನ ಅವರ ಕೈಯಲ್ಲಿ ಹೆಂಡತಿ ಮಾಡಿದ ಚಹಾ ಇತ್ತು. ಚಹಾ! ಅಪ್ಪ ಚಹಾ ಕುಡಿದದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಅಡಿಗೆಮನೆಗೆ ಬರುವುದನ್ನೂ ಬಿಟ್ಟರು. ನೀರು ಬೇಕಾದರೆ ಹಾಲ್‌ನಿಂದಲೇ ಕೇಳುತ್ತಿದ್ದರು. ಜಗಳವಿಲ್ಲ, ಮುನಿಸಿಲ್ಲ, ಕ್ರಿಕೆಟ್ ಸ್ಕೋರು ಹೇಳುತ್ತಿದ್ದರು, ಬಸ್ಸು ಸಿಕ್ಕಿತಾ ಎಂದು ಕೇಳುತ್ತಿದ್ದರು. ಮುನಿಸಿಕೊಂಡಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ.

"ಸಿಟ್ಟಿನ್ಯಾಗ ಕೊಯ್ದ ಮೂಗು ಶಾಂತ ಆದ ಮ್ಯಾಲೆ ಬರೂದಿಲ್ಲ" ಎಂದಳು ಹೆಂಡತಿ. "ಹೋಗಿ ಮಾವನವರ ಹತ್ರ ತಪ್ಪಾತು ಅಂತ ಒಂದ್ ಮಾತು ಅಂದಬಿಡ್ರಿ, ಮುಗೀತು." ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಯಾರಿಗೂ ಅಂದದ್ದಿಲ್ಲ. ನಾನು ಎರಡು ಸಲ ಹಾಲ್‌ಗೆ ಹೋಗಿ, ಕರೆಂಟ್ ಬಿಲ್ಲಿನ ವಿಷಯ ಮಾತಾಡಿ ವಾಪಸು ಬಂದೆ.

ಒಂದು ಭಾನುವಾರ ಹೆಂಡತಿ ಕಲ್ಯಾಣಕ್ಕೆ, ತನ್ನ ತಾಯಿಯ ಮನೆಗೆ ಹೋಗಿದ್ದಳು. ನನಗೊಂದು ಉಪಾಯ ಹೊಳೆಯಿತು. ಸರಿಯಾಗಿದ್ದ ಉಂಗುರವನ್ನು ನಾನೇ ಎಡಕ್ಕೆ ತಿರುಗಿಸಿದೆ, ಸ್ವಲ್ಪ ಅಲ್ಲ, ಪೂರಾ ಅರ್ಧ ಸುತ್ತು. ಪುಡಿ ಉಪ್ಪಿಟ್ಟಿನ ರವೆಯಷ್ಟು ದಪ್ಪ ಬಂತು. ಕಣ್ಣು ಕಾಣದವರೂ ತಪ್ಪೆನ್ನುವಷ್ಟು ದಪ್ಪ. ಅದನ್ನು ಅಂಗೈಯಲ್ಲಿ ಹಿಡಿದು ಹಾಲ್‌ಗೆ ಹೋದೆ.

"ಅಪ್ಪ, ಇದು ಸರಿ ಬರ್ತಾ ಇಲ್ಲ. ಸ್ವಲ್ಪ ನೋಡ್ತೀರಾ?"

ಅಪ್ಪ ಟಿವಿಯ ಸದ್ದು ಕಡಿಮೆ ಮಾಡಿದರು. ಒಂದು ಚಿಟಿಕೆ ತೆಗೆದುಕೊಂಡು ಹೆಬ್ಬೆರಳಿನಿಂದ ಉಜ್ಜಿದರು. ಮೂಗಿಗೆ ಹಿಡಿದರು. ಮತ್ತೊಂದು ಚಿಟಿಕೆ ತೆಗೆದು ಮತ್ತೆ ಉಜ್ಜಿದರು. ಅವರ ಬೆರಳಿಗೆ ತಿಳಿಯಿತು, ಅದು ನನಗೆ ಕಂಡಿತು. ತಲೆಯೆತ್ತಿ ನನ್ನ ಮುಖ ನೋಡಿದರು. ಇದನ್ನು ಬೇಕೆಂದೇ ಕೆಡಿಸಿ ತಂದದ್ದು ಎಂಬುದೂ ಅವರಿಗೆ ತಿಳಿಯಿತು.

"ಸರಿ ಉಂಟಲ್ಲ" ಎಂದರು.

"ದಪ್ಪ ಆಯ್ತು ಅನಿಸ್ತದೆ. ನೀವೇ ಒಮ್ಮೆ ಬಂದು..."

"ಇಲ್ಲ ಇಲ್ಲ, ಸರಿ ಉಂಟು. ನಿನಗೆ ಈಗ ಎಲ್ಲ ಗೊತ್ತಾಗ್ತದೆ. ನನ್ನನ್ನು ಕೇಳುದೆಂತಕೆ?"

ಅಡಿಗೆಮನೆಗೆ ಬಂದು ಅದೇ ಪುಡಿಯಲ್ಲಿ ಕಾಫಿ ತೆಗೆದೆ. ಆರು ಸೆಕೆಂಡು. ಅದಕ್ಕೆ ಹಾಲು ಬೆರೆಸಿದರೂ ಬಣ್ಣ ಬರಲಿಲ್ಲ. ಬೈಯಲಿ, ಮುಖಕ್ಕೆ ಎರಚಲಿ, ಇದೆಂತ ಕಲಗಚ್ಚು ಎಂದು ಎದ್ದು ಬಂದು ಆ ಉಂಗುರ ಹಿಡಿಯಲಿ ಎಂದು ಬೇಡಿಕೊಳ್ಳುತ್ತಾ ತಂದು ಕೊಟ್ಟೆ. ಎದೆ ಉರಿಯುತ್ತದೆ ಎನ್ನಲಿಲ್ಲ. ಎರಡು ಕೈಯಲ್ಲಿ ತೆಗೆದುಕೊಂಡರು. ನಿಧಾನವಾಗಿ, ತಳದವರೆಗೂ ಕುಡಿದರು. ಲೋಟವನ್ನು ನನ್ನ ಕೈಗೇ ವಾಪಸು ಕೊಟ್ಟು, ಪರರ ಮನೆಯಲ್ಲಿ ಉಪಚಾರ ಮಾಡಿಸಿಕೊಂಡ ನೆಂಟರು ಹೇಳುವ ಹಾಗೆ, "ಲಾಯ್ಕಾಗಿದೆ" ಎಂದರು.